ಹೇಳಿದವನಿಗೆ ಯಾವ ಕ್ರಿಯಾಪದ?

ಪುಣೆಗೆ ಬಂದು ನೌಕರಿಗೆ ಸೇರಿದ ಮೊದಲ ದಿನ ನನ್ನ ಮುಂದೆ ಹನ್ನೊಂದು ಪುಟದ ಕರಾರುಪತ್ರವೊಂದನ್ನು ಇಟ್ಟರು. ಗೋಪ್ಯತೆಯ ಕರಾರು. ಐಟಿ ಇರಲಿ, ಬ್ಯಾಂಕು ಇರಲಿ, ಔಷಧ ಕಂಪನಿ ಇರಲಿ, ಎನ್‌ಡಿಎ ಎಂಬ ಈ ಕಾಗದಕ್ಕೆ ಸಹಿ ಹಾಕದವರು ನಮ್ಮಂಥ ಪರಊರ ನೌಕರದಾರರಲ್ಲಿ ಕಡಿಮೆ. ಓದಿ ಸಹಿ ಹಾಕಿದವರು ಇನ್ನೂ ಕಡಿಮೆ. ನಾನು ಆವತ್ತು ಓದಿದೆ, ಅದೂ ಲ್ಯಾಪ್‌ಟಾಪ್ ಬರುವುದು ತಡವಾಯಿತೆಂದು. ಅದರಲ್ಲೊಂದು ಕಡೆ ಕಂಪನಿಯ ವಿಷಯವನ್ನು ನಾನು 'ಡಿಸ್‌ಕ್ಲೋಸ್' ಮಾಡಬಾರದು, 'ಡೈವಲ್ಜ್' ಮಾಡಬಾರದು, 'ರಿವೀಲ್' ಮಾಡಬಾರದು ಎಂದು ಒಂದರ ಬೆನ್ನಿಗೆ ಒಂದು ಬರೆದಿತ್ತು.

ಸಂಜೆ ಅಪ್ಪನ ಫೋನ್ ಬಂತು. "ಏನಂತ ಬರದಾರಪಾ ಅದರಾಗ?"

"ಕಂಪನಿ ಗುಟ್ಟು ಯಾರಿಗೂ ಹೇಳಬಾರದಂತ."

"ಅಷ್ಟು ಹೇಳಾಕ ಹನ್ನೊಂದು ಪುಟ ಬೇಕೇನು?"

ಮೂರು ಶಬ್ದಗಳ ವಿಷಯ ಹೇಳಿದೆ. ಕನ್ನಡದಾಗ ಏನಂತಾರ ಅಂತ ಕೇಳಿದರು. ನನಗೆ ಆ ಗಳಿಗೆಗೆ ಹೊಳೆದದ್ದು ಒಂದೇ: ಬಹಿರಂಗಪಡಿಸು, ಬಹಿರಂಗಪಡಿಸು, ಬಹಿರಂಗಪಡಿಸು. ಅಪ್ಪ ನಕ್ಕರು. ಆಮೇಲೆ ಸ್ವಲ್ಪ ತಡೆದು, "ನನಗ ಬಂದಿದ್ದ ನೋಟಿಸಿನ್ಯಾಗೂ ಇದ ಶಬ್ದ ಇತ್ತು ನೋಡು" ಅಂದರು.

ಆ ನೋಟಿಸಿನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುತ್ತಿರಲಿಲ್ಲ. 1994. ನಾನು ಐದನೆಯ ಇಯತ್ತೆ. ಅಪ್ಪ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಗಂಡ ತೀರಿಕೊಂಡ ಹೆಂಗಸೊಬ್ಬಳು ಹೊಲದ ವಾರಸಾಕ್ಕಾಗಿ ವಾರಕ್ಕೊಮ್ಮೆ ಬಂದು, ಕಟ್ಟೆಯ ಮೇಲೆ ಕುಳಿತು, ಸಂಜೆ ಬಸ್ಸಿಗೆ ವಾಪಸು ಹೋಗುತ್ತಿದ್ದಳು. ಆಕೆಯ ಆದೇಶ ಮೂರು ತಿಂಗಳ ಹಿಂದೆಯೇ ಆಗಿ ಕಪಾಟಿನಲ್ಲಿ ಕುಳಿತಿತ್ತು. ಅದು ಯಾಕೆ ಹೊರಗೆ ಬರುತ್ತಿರಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ದಿನ ಅಪ್ಪ ಆಕೆಗೆ ಆದೇಶದ ನಂಬರು, ತಾರೀಖು ಹೇಳಿದರು. ಆಕೆ ನೆಟ್ಟಗೆ ಸಾಹೇಬರ ಮುಂದೆ ಹೋಗಿ ಅವೆರಡನ್ನೂ ಹೇಳಿದಳು. ವಾರದೊಳಗೆ ಅವಳ ಕಾಗದ ಅವಳ ಕೈಸೇರಿತು. ತಿಂಗಳೊಳಗೆ ಅಪ್ಪನಿಗೆ ನೋಟಿಸು ಬಂತು: ಕಚೇರಿಯ ಮಾಹಿತಿಯನ್ನು ಅನಧಿಕೃತವಾಗಿ ಬಹಿರಂಗಪಡಿಸಿದ್ದಾರೆ. ಒಂದು ವರ್ಷದ ಇಂಕ್ರಿಮೆಂಟ್ ಹೋಯಿತು.

ಆವತ್ತು ಫೋನ್ ಇಟ್ಟ ಮೇಲೆ ಮೂರು ಇಂಗ್ಲಿಷ್ ಶಬ್ದಗಳನ್ನು ಹಿಡಿದುಕೊಂಡು ಕುಳಿತವನು ಹಲವು ವರ್ಷ ಅವುಗಳ ಬೆನ್ನುಹತ್ತಿದೆ. ಗುಟ್ಟು ಹೇಳುವ ಕ್ರಿಯೆಗೆ ಇಂಗ್ಲಿಷಿನಲ್ಲಿ ಇಷ್ಟೊಂದು ಶಬ್ದಗಳೇಕೆ? ಒಂದಕ್ಕೂ ಇನ್ನೊಂದಕ್ಕೂ ಇರುವ ಫರಕೇನು? ಹುಡುಕುತ್ತ ಹೋದಾಗ ಸಿಕ್ಕದ್ದು ಶಬ್ದಗಳ ಚರಿತ್ರೆಗಿಂತ ಹೆಚ್ಚಾಗಿ ಅಧಿಕಾರದ ಚರಿತ್ರೆ.

ಮೊದಲು 'ರಿವೀಲ್'. ಲ್ಯಾಟಿನ್ನಿನಲ್ಲಿ 'ವೇಲುಮ್' ಎಂದರೆ ಪರದೆ, ಮುಸುಕು. ಅದನ್ನು ಹಿಂದಕ್ಕೆ ಸರಿಸುವುದು 'ರೆವೆಲಾರೆ'. 14ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂದಾಗ ಈ ಶಬ್ದದ ಸುತ್ತ ಇದ್ದದ್ದು ದೇವಸ್ಥಾನದ ಗಾಳಿ. ಪರದೆ ಸರಿಸುವವನು ದೇವರು, ನೋಡುವವನು ಭಕ್ತ. ಬೈಬಲಿನ ಕೊನೆಯ ಪುಸ್ತಕಕ್ಕೆ ಗ್ರೀಕಿನಲ್ಲಿ 'ಅಪೊಕಲಿಪ್ಸಿಸ್' ಎಂದು ಹೆಸರು. ಇವತ್ತು ಸಿನಿಮಾದವರು ಪ್ರಳಯ ಎಂಬರ್ಥದಲ್ಲಿ ಬಳಸುವ ಆ ಶಬ್ದದ ಮೂಲ ಅರ್ಥವೂ ಮುಸುಕು ತೆಗೆಯುವುದು ಎಂದೇ. ಇಂಗ್ಲಿಷಿನಲ್ಲಿ ಅದು 'ರೆವೆಲೇಶನ್' ಆಯಿತು, ಕನ್ನಡ ಬೈಬಲಿನಲ್ಲಿ 'ಪ್ರಕಟನೆ'. ಹೀಗಾಗಿ 'ರಿವೀಲ್' ಮಾಡಿದವನ ಮೇಲೆ ದೋಷ ಬೀಳುವುದು ಕಡಿಮೆ. ಕಣ್ಣೆಲ್ಲ ಕಂಡ ಸಂಗತಿಯ ಮೇಲೆ ನೆಡುತ್ತದೆ, ಪರದೆ ಎಳೆದ ಕೈಯ ಮೇಲಲ್ಲ. ಮೊಬೈಲ್ ಕಂಪನಿಗಳು ಹೊಸ ಫೋನನ್ನು ವೇದಿಕೆಯ ಮೇಲೆ 'ರಿವೀಲ್' ಮಾಡುವುದು, ನಮ್ಮ ಊರುಗಳಲ್ಲಿ ಮಂತ್ರಿಗಳು ಪ್ರತಿಮೆಯ ಬಟ್ಟೆ ಎಳೆದು 'ಅನಾವರಣ' ಮಾಡುವುದು, ಎರಡರ ಹಿಂದೆಯೂ ಇರುವುದು ಅದೇ ಪರದೆ.

'ಡಿಸ್‌ಕ್ಲೋಸ್' ಹೆಚ್ಚುಕಡಿಮೆ ಅದೇ ಕಾಲಕ್ಕೆ ಫ್ರೆಂಚಿನ ಮೂಲಕ ಬಂದದ್ದು. 'ಕ್ಲೋಸ್' ಎಂದರೆ ಮುಚ್ಚು, ಮುಚ್ಚಿದ್ದನ್ನು ತೆರೆಯುವುದು 'ಡಿಸ್‌ಕ್ಲೋಸ್'. ಇಲ್ಲಿ ಪರದೆಯಿಲ್ಲ, ಬಾಗಿಲು ಇದೆ, ಬೀಗ ಇದೆ. ಬೀಗದ ಕೈ ಯಾರಲ್ಲಿದೆ ಎಂಬ ಪ್ರಶ್ನೆ ಶಬ್ದದೊಳಗೇ ಕುಳಿತಿದೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಮೊಟ್ಟೆ ಒಡೆದು ಮರಿ ಹೊರಬರುವುದಕ್ಕೂ 'ಡಿಸ್‌ಕ್ಲೋಸ್' ಎನ್ನುತ್ತಿದ್ದರು. ಹೊತ್ತು ಬಂದಾಗ, ಒಳಗಿದ್ದದ್ದೇ ಹೊರಗೆ ಬರುವುದು. ನಂತರದ ಕಾಲದ ಕಾನೂನಿಗೆ ಈ ಶಬ್ದ ಬಹಳ ಹಿಡಿಸಿತು. ಹಕ್ಕಿರುವವನು, ನಿಯಮದಂತೆ, ಕೇಳಿದವರ ಮುಂದೆ ತೆರೆದು ತೋರಿಸುವುದು. ಷೇರುಪೇಟೆಯಲ್ಲಿ ಹೆಸರಿರುವ ಕಂಪನಿಗಳು ಏನೇನು ತಿಳಿಸಬೇಕೆಂದು ಸೆಬಿ 2015ರಲ್ಲಿ ಮಾಡಿದ ನಿಯಮಾವಳಿಯ ಹೆಸರಿನಲ್ಲೇ 'ಡಿಸ್‌ಕ್ಲೋಶರ್' ಇದೆ. ಅದೇ ಕಂಪನಿಯ ನೌಕರ ಅದೇ ಅಂಕಿಯನ್ನು ಒಂದು ದಿನ ಮೊದಲು ಭಾವಮೈದುನನಿಗೆ ಹೇಳಿದರೆ ಅಪರಾಧ. ಕ್ರಿಯೆ ಒಂದೇ, ಬೀಗದ ಕೈ ಬೇರೆ.

ಮೂರನೆಯದು 'ಡೈವಲ್ಜ್'. ಇದರ ಹೊಟ್ಟೆಯಲ್ಲಿರುವುದು 'ವುಲ್ಗುಸ್', ಅಂದರೆ ಜನಸಾಮಾನ್ಯರು, ಗುಂಪು. ನಾವು ಅಸಹ್ಯ ಎಂಬರ್ಥದಲ್ಲಿ ಬಳಸುವ 'ವಲ್ಗರ್' ಇದರ ಒಡಹುಟ್ಟು. 4ನೇ ಶತಮಾನದ ಕೊನೆಯಲ್ಲಿ ಸಂತ ಜೆರೋಮ್ ಕೈಗೆತ್ತಿಕೊಂಡ ಲ್ಯಾಟಿನ್ ಬೈಬಲಿಗೆ 'ವಲ್ಗೇಟ್' ಎಂಬ ಹೆಸರು ಬಂದದ್ದೂ ಇದೇ ಮೂಲದಿಂದ. ಹಾಗಾಗಿ 'ಡೈವಲ್ಜ್' ಎಂದರೆ ಮೊದಲಿಗೆ ಜನರ ನಡುವೆ ಹರಡುವುದು, ಡಂಗುರ ಸಾರುವುದು. 15ನೇ ಶತಮಾನದಲ್ಲಿ ಅದು ಬೈಗುಳವಾಗಿರಲಿಲ್ಲ. ಕಾಲ ಕಳೆದಂತೆ ಹರಡುವ ಅರ್ಥ ಕುಗ್ಗಿ, ಹೇಳಬಾರದ್ದನ್ನು ಹೇಳುವುದು ಎಂಬ ಅರ್ಥ ಗಟ್ಟಿಯಾಯಿತು. ಇವತ್ತು ಒಬ್ಬನೇ ಒಬ್ಬನ ಕಿವಿಯಲ್ಲಿ ಪಿಸುಗುಟ್ಟಿದರೂ ಅದು 'ಡೈವಲ್ಜ್' ಆದೀತು. ಗುಂಪು ಮಾಯವಾಗಿದೆ, ಗುಂಪಿನ ಬಗೆಗಿನ ತಾತ್ಸಾರ ಉಳಿದಿದೆ. 'ವಲ್ಗರ್' ಕೆಟ್ಟದ್ದೂ ಹೀಗೆಯೇ. ಸಾಮಾನ್ಯ ಜನಕ್ಕೆ ಸೇರಿದ್ದು ಎಂಬುದೇ ಕೀಳು ಎಂಬಂತಾಯಿತು.

ಕರಾರಿನಲ್ಲಿ ಇಲ್ಲದ, ಆದರೆ ಅದರ ಬೆನ್ನಹಿಂದೆ ನಿಂತಿರುವ ಇನ್ನೊಂದು ಶಬ್ದ 'ಬಿಟ್ರೇ'. ಲ್ಯಾಟಿನ್ನಿನ 'ತ್ರಾದೆರೆ', ಅಂದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವುದು. ತಲೆಮಾರಿನಿಂದ ತಲೆಮಾರಿಗೆ ದಾಟಿದರೆ 'ಟ್ರೆಡಿಶನ್', ವೈರಿಯ ಕೈಗೆ ದಾಟಿದರೆ 'ಟ್ರೀಸನ್'. ಪರಂಪರೆ, ರಾಜದ್ರೋಹ ಎರಡೂ ಒಂದೇ ತಾಯಿಯ ಮಕ್ಕಳು. 'ಲೀಕ್' ಮಾತ್ರ ಬೇರೆ ಜಾತಿಯದು. ಸುದ್ದಿಗೆ ಈ ಶಬ್ದ ಅಂಟಿದ್ದು 19ನೇ ಶತಮಾನದಲ್ಲಿ. ಛಾವಣಿ ಸೋರಿದ ಹಾಗೆ ಸುದ್ದಿ ಸೋರುತ್ತದೆ. ಮಾಡಿದವರು ಯಾರೆಂದು ವಾಕ್ಯದಲ್ಲಿ ಹೇಳಬೇಕಾಗಿಲ್ಲ. 2016ರ ಮಾರ್ಚಿನಲ್ಲಿ ಕರ್ನಾಟಕದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಒಮ್ಮೆಯಲ್ಲ, ಎರಡು ಬಾರಿ 'ಸೋರಿತು'. ಯಾರೋ ಕದ್ದು ಮಾರಿದ್ದನ್ನು ನಾವು ಮಳೆನೀರಿನ ವ್ಯಾಕರಣದಲ್ಲಿ ಹೇಳಿದೆವು.

ಇಷ್ಟು ಶಬ್ದಗಳನ್ನು ವಕೀಲರು ಒಟ್ಟಿಗೆ ಪೇರಿಸುವುದಕ್ಕೂ ಒಂದು ಚರಿತ್ರೆ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚ್, ದಾಖಲೆಯ ಮಾತು ಲ್ಯಾಟಿನ್, ಜನರ ಮಾತು ಇಂಗ್ಲಿಷ್. ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂದು ಕಾಯ್ದೆಯಾದದ್ದು 1362ರಲ್ಲಿ. ಇಂಥ ಕಡೆ ಒಂದೇ ವಸ್ತುವಿಗೆ ಎರಡೆರಡು ಮೂಲದ ಶಬ್ದ ಜೋಡಿಸಿ ಬರೆಯುವ ರೂಢಿ ಬೆಳೆಯಿತು. ಮೃತ್ಯುಪತ್ರಕ್ಕೆ 'ವಿಲ್' ಎಂಬ ಇಂಗ್ಲಿಷ್ ಶಬ್ದವೂ ಬೇಕು, 'ಟೆಸ್ಟಮೆಂಟ್' ಎಂಬ ಲ್ಯಾಟಿನ್ ಶಬ್ದವೂ ಬೇಕು. ನನ್ನ ಕರಾರಿನ ಮೂರೂ ಲ್ಯಾಟಿನ್ ಕುಲದವೇ ಆದರೂ ಪೇರಿಸುವ ಚಾಳಿ ಅದೇ. ಒಂದು ಶಬ್ದದ ಸಂದಿಯಿಂದ ನುಸುಳಿದವನು ಇನ್ನೊಂದರಲ್ಲಿ ಸಿಕ್ಕಿಬೀಳಲಿ ಎಂಬ ಹಂಚಿಕೆ.

ಹಾಗೆ ನುಸುಳಿದವನೊಬ್ಬ ನಿಜವಾಗಿಯೂ ಇದ್ದ. ಚಾರ್ಲ್ಸ್ ಮಾರ್ವಿನ್ ಎಂದು ಹೆಸರು, ಲಂಡನ್ನಿನ ವಿದೇಶಾಂಗ ಕಚೇರಿಯಲ್ಲಿ ನಕಲು ತೆಗೆಯುವ ತಾತ್ಕಾಲಿಕ ಗುಮಾಸ್ತ. ತಾಸಿನ ಲೆಕ್ಕದ ಪುಡಿಗಾಸಿನ ಸಂಬಳ. 1878ರಲ್ಲಿ ಬರ್ಲಿನ್ ಸಮ್ಮೇಳನಕ್ಕೆ ಮುಂಚೆ ಬ್ರಿಟನ್ ಮತ್ತು ರಷ್ಯಾ ಒಳಗೊಳಗೇ ಒಂದು ಒಪ್ಪಂದ ಮಾಡಿಕೊಂಡವು. ಅದರ ಪ್ರತಿ ಇವನ ಕೈಗೆ ಬಂತು. ಅದರ ಸಾರಾಂಶ 'ಗ್ಲೋಬ್' ಪತ್ರಿಕೆಯಲ್ಲಿ ಅಚ್ಚಾಯಿತು. ವಿದೇಶಾಂಗ ಮಂತ್ರಿ ಸಾಲಿಸ್‌ಬರಿ ಲಾರ್ಡ್ಸ್ ಸಭೆಯಲ್ಲಿ ಎದ್ದು ನಿಂತು ಅದು ನಂಬತಕ್ಕದ್ದಲ್ಲ ಎಂದುಬಿಟ್ಟ. ಜೂನ್ 14ರಂದು ಅದೇ ಪತ್ರಿಕೆ ಪೂರ್ತಿ ಪಾಠವನ್ನೇ ಹಾಕಿತು.

ಮಾರ್ವಿನ್‌ನನ್ನು ಹಿಡಿದರು. ಆದರೆ ಯಾವ ಅಪರಾಧಕ್ಕೆ? ಆಗಿನ ಕಾನೂನಿನಲ್ಲಿ ಸರಕಾರಿ ಕಾಗದ ಕದಿಯುವುದು ಅಪರಾಧವಾಗಿತ್ತು, ಸರಕಾರಿ ಸಂಗತಿ ಹೇಳುವುದಕ್ಕೆ ಕಲಮೇ ಇರಲಿಲ್ಲ. ಅವನು ಒಂದು ಹಾಳೆಯನ್ನೂ ಹೊರಗೆ ಒಯ್ದಿರಲಿಲ್ಲ, ತಲೆಯಲ್ಲಿಟ್ಟುಕೊಂಡು ಹೋಗಿದ್ದ. ಮೊಕದ್ದಮೆ ನಿಲ್ಲಲಿಲ್ಲ. ಜಗತ್ತಿನ ಬಲಾಢ್ಯ ಸಾಮ್ರಾಜ್ಯಕ್ಕೆ ತನ್ನ ಗುಮಾಸ್ತನ ವಿರುದ್ಧ ಬಳಸಲು ಒಂದು ಕ್ರಿಯಾಪದ ಸಿಗದೆ ಹೋಯಿತು.

ಆ ಕೊರತೆಯನ್ನು ತುಂಬಿದ್ದು 1889ರ ಅಧಿಕೃತ ರಹಸ್ಯಗಳ ಕಾಯ್ದೆ. ಅದೇ ವರ್ಷ ಭಾರತಕ್ಕೂ ಅಂಥದೊಂದು ಕಾಯ್ದೆ ಬಂತು. 1904ರಲ್ಲಿ ಕರ್ಜನ್ ಕಾಲದಲ್ಲಿ ಅದನ್ನು ಬಿಗಿ ಮಾಡಿದರು. 1923ರಲ್ಲಿ ಹೊಸದಾಗಿ ಬರೆದದ್ದೇ ಇವತ್ತಿಗೂ ಉಳಿದಿರುವ ಕಾಯ್ದೆ. ಅದು ಆರಿಸಿಕೊಂಡ ಕ್ರಿಯಾಪದ 'ಕಮ್ಯುನಿಕೇಟ್'. ಪರದೆ ಇಲ್ಲ, ಬೀಗ ಇಲ್ಲ, ಗುಂಪೂ ಇಲ್ಲ. ಅಧಿಕಾರ ಇಲ್ಲದವನಿಗೆ ತಿಳಿಸಿದರೆ ಸಾಕು. ಕೇಳಿಸಿಕೊಂಡವನೂ ಸಿಕ್ಕಿಬೀಳಬಹುದು. 'ರಹಸ್ಯ' ಎಂದರೇನು ಎಂಬುದಕ್ಕೆ ಮಾತ್ರ ಆ ಕಾಯ್ದೆಯಲ್ಲಿ ವ್ಯಾಖ್ಯೆ ಇಲ್ಲ. ಸ್ವತಂತ್ರ ಭಾರತದ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳು ಮಾಡುವ ಗೋಪ್ಯತೆಯ ಪ್ರಮಾಣದಲ್ಲೂ ಇಂಗ್ಲಿಷಿನ 'ಕಮ್ಯುನಿಕೇಟ್', 'ರಿವೀಲ್' ಎರಡೂ ಜೋಡಿಯಾಗಿ ಬಂದು ಕುಳಿತಿವೆ. ಮೇಲೆ ಮಂತ್ರಿಯಿಂದ ಹಿಡಿದು ಕೆಳಗೆ ನಮ್ಮಪ್ಪನಂಥ ಗುಮಾಸ್ತನವರೆಗೆ ಇಳಿದುಬಂದದ್ದು ಈ ಗಾಳಿ. ಹೇಳದಿರುವುದೇ ಕರ್ತವ್ಯ, ಹೇಳುವುದಕ್ಕೆ ಅಪ್ಪಣೆ ಬೇಕು.

ಇಲ್ಲಿಯವರೆಗೆ ಇದು ಶಬ್ದಗಳ ಕತೆ. ಇದರಲ್ಲಿ ಜೀವ ಹೋದ ಕತೆಯೂ ಒಂದಿದೆ. ಅದನ್ನು ಓದಿದ ಮೇಲೆ ನನಗೆ 'ಡಿಸ್‌ಕ್ಲೋಸ್', 'ಡೈವಲ್ಜ್'ಗಳ ಫರಕು ನಿಘಂಟಿನ ಫರಕಾಗಿ ಉಳಿಯಲಿಲ್ಲ.

ಸತ್ಯೇಂದ್ರ ದುಬೆ ಕಾನ್ಪುರ ಐಐಟಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ನೌಕರ. ಸುವರ್ಣ ಚತುಷ್ಪಥ ರಸ್ತೆಯ ಕೆಲಸದಲ್ಲಿ ಜಾರ್ಖಂಡದ ಕೋಡರ್ಮಾ ಕಡೆ ಇದ್ದವರು. ಅಲ್ಲಿ ಹಣ ಹೇಗೆ ಹರಿದುಹೋಗುತ್ತಿದೆ, ಕೆಲಸ ಹೇಗೆ ಕಳಪೆಯಾಗುತ್ತಿದೆ ಎಂದು 2002ರ ನವೆಂಬರಿನಲ್ಲಿ ನೇರ ಪ್ರಧಾನಮಂತ್ರಿಗಳಿಗೇ ಪತ್ರ ಬರೆದರು. ತಮ್ಮ ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದರು. ಪತ್ರ ಅವರ ಹೆಸರು, ವಿವರಗಳ ಸಮೇತ ಕಚೇರಿಯಿಂದ ಕಚೇರಿಗೆ, ಮೇಜಿನಿಂದ ಮೇಜಿಗೆ ಷರಾ ಹೊತ್ತು ಸಾಗಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ ಮೂವತ್ತು ವರ್ಷ. ಇದು ದರೋಡೆಗಾಗಿ ನಡೆದ ಕೊಲೆ ಎಂದು ಸಿಬಿಐ ಹೇಳಿತು, 2010ರಲ್ಲಿ ಮೂವರಿಗೆ ಶಿಕ್ಷೆಯೂ ಆಯಿತು. ಕೊಲೆಯ ಕಾರಣದ ಮಾತು ಏನೇ ಇರಲಿ, ಹೆಸರು ಗುಟ್ಟಾಗಿ ಉಳಿಯಲಿಲ್ಲ ಎಂಬುದರಲ್ಲಿ ಅನುಮಾನವಿಲ್ಲ. ದುಬೆ ಮಾಡಿದ್ದು 'ಡಿಸ್‌ಕ್ಲೋಸ್': ತೆರೆಯಬೇಕಾದ ಬಾಗಿಲನ್ನು ತೆರೆಯಬೇಕಾದವರ ಮುಂದೆ ತೆರೆದರು. ಕಚೇರಿಗಳು ಮಾಡಿದ್ದು 'ಡೈವಲ್ಜ್': ಹೇಳಬಾರದ ಒಂದು ಹೆಸರನ್ನು ಹತ್ತು ಮೇಜುಗಳಿಗೆ ಹರಡಿದವು.

ದೇಶವೆಲ್ಲ ಗದ್ದಲವೆದ್ದು 2004ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಒಂದು ನಿರ್ಣಯ ಹೊರಡಿಸಿತು. ಇಂಥ ದೂರುಗಳನ್ನು ಕೇಂದ್ರ ಜಾಗೃತ ಆಯೋಗ ತೆಗೆದುಕೊಳ್ಳಬೇಕು, ದೂರಿದವರ ಹೆಸರು ಕಾಪಾಡಬೇಕು. ಆಮೇಲೆ ಬಂದದ್ದು 2014ರ ವಿಶಲ್ ಬ್ಲೋವರ್ಸ್ ರಕ್ಷಣಾ ಕಾಯ್ದೆ. 'ವಿಶಲ್ ಬ್ಲೋವರ್' ಎಂಬ ಶಬ್ದಕ್ಕೆ ಮರ್ಯಾದೆ ಬಂದದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದ ರಾಲ್ಫ್ ನೇಡರ್ ಅದನ್ನು ಎತ್ತಿ ಹಿಡಿದ ಮೇಲೆ. ಅಲ್ಲಿಯವರೆಗೆ ಒಳಗಿನ ಸುದ್ದಿ ಹೇಳಿದವನಿಗೆ ಇಂಗ್ಲಿಷಿನಲ್ಲಿ ಇದ್ದದ್ದು ಬಹುಪಾಲು ಚಾಡಿಕೋರ ಎಂಬ ಧಾಟಿಯ ಹೆಸರುಗಳೇ.

ಈ 2014ರ ಕಾಯ್ದೆಯ ಇಂಗ್ಲಿಷ್ ಪಾಠವನ್ನು ಕ್ರಿಯಾಪದಗಳ ಮೇಲೆ ಕಣ್ಣಿಟ್ಟು ಓದಿದರೆ ಒಂದು ಸಂಗತಿ ಕಾಣುತ್ತದೆ. ದೂರು ಕೊಡುವವನು ಮಾಡುವುದು ಸಾರ್ವಜನಿಕ ಹಿತದ 'ಡಿಸ್‌ಕ್ಲೋಶರ್'. ಅವನ ಹೆಸರನ್ನು ಹೊರಗೆ ಬಿಟ್ಟ ಅಧಿಕಾರಿ ಮಾಡುವುದು 'ರಿವೀಲ್'. ಅದಕ್ಕೆ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಒಂದೇ ಕಾಯ್ದೆ, ಎರಡು ಕ್ರಿಯಾಪದ. ಒಂದಕ್ಕೆ ರಕ್ಷಣೆ, ಇನ್ನೊಂದಕ್ಕೆ ಶಿಕ್ಷೆ. 1994ರಲ್ಲಿ ಅಪ್ಪನ ನೋಟಿಸು ಬರೆದವರ ಬಳಿ ಇದ್ದದ್ದು ಒಂದೇ ಶಬ್ದ. ಆದರೆ ಶಬ್ದ ಬೇರೆ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದರೂ ಆ ಕಾಯ್ದೆ ಜಾರಿಗೆ ಬರದೆ ವರ್ಷಗಳೇ ಉರುಳಿದವು.

ಇದಕ್ಕಿಂತ ದೊಡ್ಡ ಪಲ್ಲಟ ಆದದ್ದು ಮಾಹಿತಿ ಹಕ್ಕಿನಿಂದ. ಕರ್ನಾಟಕ 2000ದಲ್ಲೇ ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. 2005ರಲ್ಲಿ ಕೇಂದ್ರ ಕಾಯ್ದೆ ಬಂತು. ಹೇಳುವುದಕ್ಕೆ ಅಪ್ಪಣೆ ಬೇಕಿದ್ದ ಕಡೆ, ಹೇಳದಿರುವುದಕ್ಕೆ ಕಾರಣ ಬೇಕಾಯಿತು. ಕೊಡಲಾಗದ ಮಾಹಿತಿಯ ಪಟ್ಟಿ 8ನೇ ಕಲಮಿನಲ್ಲಿದೆ. ಆದರೆ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಅದನ್ನೂ ಕೊಡಬಹುದು ಎಂದು ಅದೇ ಕಲಮು ಹೇಳುತ್ತದೆ. 22ನೇ ಕಲಮು 1923ರ ಕಾಯ್ದೆಯನ್ನು ಹೆಸರಿಟ್ಟು ಕರೆದು, ಎಲ್ಲಿ ತಿಕ್ಕಾಟ ಬಂದರೂ ಮಾಹಿತಿ ಹಕ್ಕಿನದೇ ಮೇಲುಗೈ ಎನ್ನುತ್ತದೆ. ಅಪ್ಪ ಆ ಹೆಂಗಸಿಗೆ ಹೇಳಿದ ನಂಬರು, ತಾರೀಖನ್ನು ಇವತ್ತು ಯಾರು ಬೇಕಾದರೂ ಹತ್ತು ರೂಪಾಯಿ ಕಟ್ಟಿ ಬರವಣಿಗೆಯಲ್ಲಿ ಪಡೆಯಬಹುದು. ಹತ್ತು ರೂಪಾಯಿಯ ಆ ಮಾತಿಗೆ ಅಪ್ಪ ಒಂದು ವರ್ಷದ ಇಂಕ್ರಿಮೆಂಟ್ ಕಟ್ಟಿದ್ದರು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಮಾರ್ವಿನ್‌ನ ಕತೆ ಅವರಿಗೆ ಬಹಳ ಹಿಡಿಸಿತು. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಆವತ್ತು ಕೇಳಿದೆ: ಆಗ ನಿಮ್ಮ ಜವಾಬಿನಲ್ಲಿ ಏನಂತ ಬರೆದಿರಿ? ಅಪ್ಪ ಒಳಗೆ ಹೋಗಿ ಟ್ರಂಕಿನಿಂದ ಒಂದು ಫೈಲು ತಂದರು. ನೋಟಿಸಿಗೆ ಕೊಟ್ಟ ಉತ್ತರದ ಕಾರ್ಬನ್ ಪ್ರತಿ ಅದರಲ್ಲಿತ್ತು. ನಾಲ್ಕೇ ಸಾಲು. ತಾವು ಯಾವುದನ್ನೂ ಬಹಿರಂಗಪಡಿಸಿಲ್ಲವೆಂದೂ, ಅರ್ಜಿದಾರಳ ಆದೇಶದ ಸಂಗತಿಯನ್ನು ಅರ್ಜಿದಾರಳಿಗೆ ಹೇಳಿದ್ದು ನಿಜವೆಂದೂ ಬರೆದಿದ್ದರು.

"ಬ್ಯಾರೆ ಏನರೆ ಬರಿಬಹುದಿತ್ತಲ್ಲ, ಗೊತ್ತಿಲ್ಲದ ಆತು ಅಂತ?" ಅಂದೆ.

"ಆಕಿ ಕಾಗದದ ಸುದ್ದಿ ಆಕಿಗೆ ಹೇಳೇನಿ. ಅದರಾಗ ಬಹಿರಂಗ ಮಾಡೂದೇನೈತಿ?" ಅಂದರು ಅಪ್ಪ.

ಇಂಗ್ಲಿಷಿನಲ್ಲಿ ಇದಕ್ಕೆ ಅಚ್ಚ ದೇಸಿ ಶಬ್ದ 'ಟೆಲ್'. ಅದರ ಹಳೆಯ ಅರ್ಥ ಎಣಿಸುವುದು. ಬ್ಯಾಂಕಿನಲ್ಲಿ ಹಣ ಎಣಿಸಿ ಕೊಡುವವನನ್ನು 'ಟೆಲ್ಲರ್' ಎನ್ನುವುದು ಅದಕ್ಕೇ. ಅವನು ಎಣಿಸಿ ಕೊಡುವುದು ತನ್ನ ಹಣವನ್ನಲ್ಲ, ಕಿಟಕಿಯ ಆಚೆ ನಿಂತವರದನ್ನು. ನನ್ನ ಕರಾರಿನ ಹನ್ನೊಂದು ಪುಟಗಳಲ್ಲಿ ಆ ಶಬ್ದ ಒಮ್ಮೆಯೂ ಇರಲಿಲ್ಲ.

ಆಮೇಲೂ ನಾನು ಎರಡು ಕಂಪನಿ ಬದಲಾಯಿಸಿದ್ದೇನೆ, ಎರಡು ಕರಾರಿಗೆ ಸಹಿ ಹಾಕಿದ್ದೇನೆ. ಕಂಪನಿಯ ಗುಟ್ಟು ಕಂಪನಿಯದೇ, ಅದನ್ನು ಹೊತ್ತು ತಿರುಗುವ ಹುಕಿ ನನಗಿಲ್ಲ. ಆದರೆ ಈಗ ಆ ಮೂರು ಶಬ್ದ ಬಂದಲ್ಲಿ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ. ಈ ಸಂಗತಿ ಯಾರದು ಎಂದು ಕೇಳಿಕೊಳ್ಳುತ್ತೇನೆ. ಕಂಪನಿಯದಾದರೆ ಬಾಯಿ ಮುಚ್ಚಿಕೊಂಡಿರುತ್ತೇನೆ. ಕಟ್ಟೆಯ ಮೇಲೆ ಕುಳಿತು ಕಾಯುತ್ತಿರುವವರದಾದರೆ ಏನು ಮಾಡುತ್ತೇನೆ ಎಂಬುದನ್ನು ನಾನಿನ್ನೂ ಪರೀಕ್ಷೆಗೆ ಒಡ್ಡಿಕೊಂಡಿಲ್ಲ. ಅಪ್ಪನ ಫೈಲಿನ ಆ ಕಾರ್ಬನ್ ಪ್ರತಿಯ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ.